ಬಾಣಂತಿ ಕೋಣೆಯ ಹಸಿರು ಗೋಡೆ

ನಮ್ಮ ಸೋದರಮಾವನನ್ನು ಯಾರಾದರೂ ಅಂಗಡಿಯ ಮೆಟ್ಟಿಲು ಹತ್ತಿಸಿದರೆ ಅವರಿಗೊಂದು ನಾಟಿ ಕೋಳಿ ಬಹುಮಾನ ಅಂತ ನಮ್ಮಪ್ಪ ಘೋಷಿಸಿದ್ದರು. ಆ ಕೋಳಿ ಬಹುಮಾನವೂ ಆಗದೆ, ಸಾರೂ ಆಗದೆ, ವಯಸ್ಸಾಗಿ ತಾನೇ ಸತ್ತುಹೋಯಿತು. ಮಾವ ಮಾತ್ರ ಮೆಟ್ಟಿಲು ಹತ್ತಲಿಲ್ಲ.

ಜಿಪುಣ ಅಂದುಕೊಂಡಿರಾ? ಅಲ್ಲ ಸ್ವಾಮಿ. ಮನೆಗೆ ಬಂದವರ ಮುದ್ದೆಗೆ ತನ್ನ ಪಾಲಿನ ತುಪ್ಪವನ್ನೂ ಸುರಿಯುವ ಮನುಷ್ಯ. ಅವನ ತಕರಾರೇ ಬೇರೆ. "ದ್ಯಾವ್ರು ಎಲ್ರುಗೂ ಎಲ್ಡೆಲ್ಡು ಕೈ ಕೊಟ್ಟವ್ನೆ ಕಣ್ಲಾ. ಇನ್ನೊಬ್ಬ ಮಾಡಿಟ್ಟಿದ್ದ ಈಸ್ಕೊಂಡು ಬರಕಾಗಿದ್ರೆ ಒಂದೇ ಸಾಕಾಗಿತ್ತು" ಅನ್ನುತ್ತಿದ್ದ. ಹಾಗಾಗಿ ಸೋಪು, ಚಪ್ಪಲಿ, ಛತ್ರಿ, ಹಲ್ಲುಪುಡಿ, ಎಲ್ಲವೂ ಸ್ವಂತ ತಯಾರಿಕೆ. ಹೆಂಡತಿಯೊಬ್ಬಳನ್ನು ಕೈಯಾರೆ ಮಾಡಿಕೊಳ್ಳೋಕೆ ಬರಲಿಲ್ಲ, ಅದಕ್ಕೇ ಮದುವೆ ಆಗಲಿಲ್ಲ ಅಂತ ನಮ್ಮಪ್ಪನ ತೀರ್ಮಾನ.

ಅವನು ನಮ್ಮವ್ವನ ಬೆನ್ನಿಗೆ ಬಿದ್ದ ತಮ್ಮ. ಊರು ಕೆ.ಆರ್.ಪೇಟೆ ಕಡೆ, ಸಂತೆಬಾಚಹಳ್ಳಿ ಹತ್ತಿರ. ನಮ್ಮದು ಪಾಂಡವಪುರ ತಾಲ್ಲೂಕು, ತೊಣ್ಣೂರು ಕೆರೆಯ ಕೆಳಗಿನ ಊರು, ಮನೆಯ ಬೆನ್ನಿಗೇ ಕಾಲುವೆ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದಿಳಿದು ಅಕ್ಕನ ಮನೆಯಲ್ಲಿ ಮುರಿದದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದ, ಮುರಿಯದ್ದನ್ನೂ ಮಾಡುತ್ತಿದ್ದ. ಇನ್ನು ನಾನು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ನನಗೆ ಛೀಮಾರಿ ಹಾಕುವಾಗ ನಿಮಗೇ ಬೇಕಾಗುತ್ತದೆ.

ಅವನ ಛತ್ರಿ ನೋಡಬೇಕಿತ್ತು ನೀವು. ಬಿದಿರು ಕಡ್ಡಿಗೆ ಯೂರಿಯಾ ಚೀಲ ಹೊಲಿದದ್ದು. ಅದನ್ನು ಹಿಡಿದು ಊರೊಳಗೆ ಬಂದರೆ ತಲೆಯ ಮೇಲೆ ಗೊಬ್ಬರದ ಕಂಪನಿಯ ಹೆಸರು, ಕೆಳಗೆ ನಮ್ಮ ಮಾವ. ಸೊಸೈಟಿಗೆ ಗೊಬ್ಬರ ಬಂತು ಅಂದುಕೊಂಡು ಒಂದಿಬ್ಬರು ಹಿಂದೆಯೇ ಬಂದದ್ದೂ ಉಂಟು. ಮಳೆ ಜೋರಾದರೆ ಹೊಲಿಗೆಯ ತೂತಿನಿಂದ ನೀರು ಸರಿಯಾಗಿ ನಡುನೆತ್ತಿಗೇ ಬೀಳುತ್ತಿತ್ತು. "ಸೋರ್ತದಲ್ಲ ಮಾವ" ಅಂದರೆ, "ಸೋರ್ಲಿ ಬುಡು. ಸೋರ್ತಾ ಇರೋದು ನಮ್ಮದೇ ಛತ್ರಿ ತಾನೆ?" ಅನ್ನುತ್ತಿದ್ದ.

ನನ್ನ ತಂಗಿಯನ್ನು ನಾಗಮಂಗಲಕ್ಕೆ ಕೊಟ್ಟೆವು. ಮದುವೆಯಾದ ಮೇಲೆ ಅಳಿಯ ಮೊದಲನೇ ಸಲ ಮನೆಗೆ ಬಂದಾಗ ಬೆಳಿಗ್ಗೆ ಎದ್ದು ಪೇಸ್ಟು ಕೇಳಿದರು. ಮಾವ ಬಿಟ್ಟಾನೆಯೇ? ಭತ್ತದ ಹೊಟ್ಟು ಸುಟ್ಟ ಬೂದಿ, ಉಪ್ಪು, ಇನ್ನೇನೇನೋ ಸೇರಿಸಿದ ತನ್ನ ಪುಡಿಯನ್ನು ಅಂಗೈ ತುಂಬ ಸುರಿದ. ಅಳಿಯ ಮರ್ಯಾದಸ್ಥ, ಉಗಿಯಲೂ ಆಗದೆ ನುಂಗಲೂ ಆಗದೆ ತಿಕ್ಕಿದರು. ಅವತ್ತು ತೆಗೆಸಿದ ಫೋಟೋದಲ್ಲಿ ನಮ್ಮ ಭಾವ ನಗುತ್ತಾ ನಿಂತಿದ್ದಾರೆ, ಬಾಯಿಯೊಳಗೆ ಅಮಾವಾಸ್ಯೆ. ಆ ಫೋಟೋ ನಾಗಮಂಗಲದ ಮನೆಯಲ್ಲಿ ಬಹಳ ದಿನ ಬೀರುವಿನೊಳಗೇ ಇತ್ತು.

ಇಷ್ಟರ ಮೇಲೆ ಅವನಿಗೊಂದು ವೈರಿ: ಬೆಳ್ಳುಳ್ಳಿ. ಬಾಡೂಟದ ಮನೆಯಲ್ಲಿ ಹುಟ್ಟಿ ಬೆಳ್ಳುಳ್ಳಿ ತಿನ್ನದ ಗಂಡಸನ್ನು ನೀವು ಕಂಡಿದ್ದೀರಾ? ಬೇಲಿಯಾಚೆ ಯಾರಾದರೂ ಒಂದು ಎಸಳು ಜಜ್ಜಿದರೆ ಈಚೆ ಇವನು ಮೂಗು ಮುಚ್ಚುತ್ತಿದ್ದ. ಒಂದು ಸಂತೆಯ ದಿನ ಬಸ್ಸಿನಲ್ಲಿ ಎದ್ದು ನಿಂತು, "ಯಾರ್ ಅದು ಬೆಳ್ಳುಳ್ಳಿ ತಂದಿರೋರು?" ಅಂದನಂತೆ. ಕಂಡಕ್ಟರು, "ಸಂತೆಯಿಂದ ಬೆಳ್ಳುಳ್ಳಿ ತರದೆ ಇನ್ನೇನ್ ಬಂಗಾರ ತತ್ತಾರಾ? ಕೂತ್ಕೊಳಪ್ಪ" ಅಂದ. ಮಾವ ರೋಷದಿಂದ ದಾರಿಯಲ್ಲೇ ಇಳಿದು ನಡೆದ. ಎರಡು ಮೈಲಿ ನಡೆದರೂ ವಾಸನೆ ಬಿಡಲಿಲ್ಲ. ಮನೆಗೆ ಹೋಗಿ ಚೀಲ ಬಿಚ್ಚಿದರೆ ತಳದಲ್ಲಿ ಕಾಲು ಕೇಜಿ ಬೆಳ್ಳುಳ್ಳಿ, ತಮ್ಮ ನೆಟ್ಟಗೆ ಉಣ್ಣಲಿ ಅಂತ ನಮ್ಮವ್ವ ತುರುಕಿ ಕಳಿಸಿದ್ದು.

ಇದನ್ನೆಲ್ಲ ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದೆ. ಮಾವ ಬಂದುಹೋದ ಮಾರನೆಯ ದಿನ ಹೆಡ್ಮಾಸ್ಟರೇ ಚೇರು ಎಳೆದುಕೊಂಡು, "ಈ ಸಲ ಏನು ಮಾಡಿದರು ನಿಮ್ಮ ಮಾವ?" ಅಂತ ಕೇಳುವಷ್ಟು. ಒಬ್ಬ ಮನುಷ್ಯನನ್ನು ಹೀಗೆ ನಗೆಯ ಸರಕು ಮಾಡಿಟ್ಟುಕೊಂಡರೆ ಒಂದು ಅಪಾಯ ಇದೆ. ಅವನು ಹೇಳೋ ನಿಜವೂ ನಗೆಯ ಸರಕೇ ಆಗಿಬಿಡುತ್ತದೆ. ಇದು ನನಗೆ ತಿಳಿದದ್ದು ತಡವಾಗಿ.

ತಂಗಿ ಚೊಚ್ಚಲ ಬಾಣಂತನಕ್ಕೆ ಬಂದಳು. ಊರಿಗೆ ಆಗಷ್ಟೇ ಎಸ್‌ಟಿಡಿ ಬೂತು ಬಂದಿದ್ದ ಕಾಲ, ಒಳ್ಳೆ ಮಳೆಗಾಲ. ಕಾಲುವೆ ಕಡೆಯ ಕೋಣೆಯನ್ನು ಬಾಣಂತಿಗೆ ಅಂತ ಖಾಲಿ ಮಾಡಿದೆವು. ಗೋಡೆ ನೋಡೋ ಹಾಗಿರಲಿಲ್ಲ. ಪೇಂಟ್ ಅಂಗಡಿಗೆ ಹೋಗಿ ಬರುತ್ತೇನೆ ಅಂತ ನಾನು ಸೈಕಲ್ ತೆಗೆದೆ. ಮಾವ ಹ್ಯಾಂಡಲ್ಲಿಗೇ ಅಡ್ಡ ನಿಂತ.

"ನಾನು ಬದುಕಿರುವಾಗ ನನ್ನ ಸೊಸೆ ಕೋಣೆಗೆ ಅಂಗಡಿ ಬಣ್ಣವಾ? ತೆಗಿ ಅತ್ತಗೆ."

ಮುಂದಿನ ಬಸ್ಸಿಗೆ ಊರಿಗೆ ಹೋಗಿ ಒಂದು ತುಕ್ಕು ಹಿಡಿದ ಡಬ್ಬ ತಂದ. ಮುಚ್ಚಳ ತೆಗೆದರೆ ಒಳಗೆ ಪುಡಿ. ಅಂಥ ಹಸಿರನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನಾಟಿ ಮಾಡಿ ತಿಂಗಳಾದ ಗದ್ದೆಗೂ ಆ ಬಣ್ಣ ಇರೋದಿಲ್ಲ. ಅದು ಅವ್ವನ ಅಪ್ಪ, ಅಂದರೆ ನಮ್ಮ ತಾತ ಅಟ್ಟದ ಮೇಲೆ ಇಟ್ಟು ಸತ್ತ ಡಬ್ಬ. ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಈ ಸೀಮೆಗೆಲ್ಲ ಚಳಿಜ್ವರ ಹರಡಿತ್ತಂತೆ. ಆಗ ನಿಂತ ನೀರಿಗೆ ಈ ಪುಡಿ ಎರಚಿ ಸೊಳ್ಳೆಮರಿ ಸಾಯಿಸುವ ಕೂಲಿಗೆ ತಾತ ಹೋಗುತ್ತಿದ್ದರು. ಉಳಿದದ್ದನ್ನು ಮನೆಗೆ ತಂದಿಟ್ಟಿದ್ದರು.

"ಸೊಳ್ಳೆ ಔಷಧಿನ ಗೋಡೆಗೆ ಬಳಿಯೋದಾ ಮಾವ?"

"ಅಲ್ಲಲಾ ಮೇಷ್ಟ್ರೇ, ವರ್ಷವರ್ಷ ಸರ್ಕಾರದೋರು ಬಂದು ಗ್ವಾಡೆಗೆ ಸೊಳ್ಳೆ ಔಸ್ದಿ ಹೊಡ್ದು ಹೋಗ್ತಾರಲ್ಲ, ಅದೇನು? ಬಣ್ಣಕ್ಕೆ ಬಣ್ಣವೂ ಆಯ್ತು, ಮಗೀಗೆ ಸೊಳ್ಳೆ ಕಾಟವೂ ತಪ್ತು."

ವಾದ ಹೇಗಿದೆ ನೋಡಿ. ವಿಜ್ಞಾನದ ಮೇಷ್ಟ್ರು ತಲೆದೂಗಿದ. ಹೌದು, ನಾನೇ.

ಸುಣ್ಣ ಸೇರಿಸಿದರೆ ಬಣ್ಣ ಪೇಲವ ಆಗುತ್ತದೆ ಅಂತ ಮಾವ ಸುಣ್ಣ ಮುಟ್ಟಲಿಲ್ಲ. ಅಕ್ಕಿ ಗಂಜಿ ಕಾಯಿಸಿದ, ಆಲೆಮನೆಯಿಂದ ತಂದ ಮೆತ್ತನೆಯ ಬೆಲ್ಲ ಕರಗಿಸಿದ. ತಾತನ ಕಾಲದಲ್ಲಿ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರಲ್ಲ, ಹಿಡಿತ ಬರಲಿ ಅಂತ, ಅದೇ ಲೆಕ್ಕ. ಎಲ್ಲಾ ಕಲಸಿ ತೆಂಗಿನ ನಾರಿನ ಕುಂಚದಲ್ಲಿ ಮೂರು ದಿನ ಕೂತು, ನಿಂತು, ಮೇಜು ಹತ್ತಿ ಬಳಿದ. ಎರಡು ದಿನ ಗೋಡೆ ನೆಕ್ಕೋಕೆ ಊರಿನ ಇರುವೆಯೆಲ್ಲ ಸಾಲುಗಟ್ಟಿ ಬಂತು. ಮೂರನೆಯ ದಿನ ಗೋಡೆ ಬುಡದಲ್ಲಿ ಸಾಲಾಗಿ ಸತ್ತು ಬಿದ್ದಿತ್ತು. "ನೋಡ್ಲಾ, ಇರುವೆ ಕಾಟವೂ ಇಲ್ಲ" ಅಂತ ಮಾವ ಹಿಗ್ಗಿದ. ನಾನೂ ಸೇರಿ ಎಲ್ಲರೂ ಭಲೇ ಅಂದೆವು.

ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರನ್ನೂ ಹಸಿರು ಕೋಣೆಗೆ ಸೇರಿಸಿದೆವು. ಬಾಣಂತಿ ಕೋಣೆ ಹೇಗಿರುತ್ತದೆ ಅಂತ ನಿಮಗೇನು ಹೇಳೋದು? ಥಂಡಿ ಗಾಳಿ ತಗುಲಬಾರದು ಅಂತ ಕಿಟಕಿಗೆ ಗೋಣಿಚೀಲ, ಬಾಗಿಲಿಗೆ ಕಂಬಳಿ, ಮಂಚದಡಿ ಕೆಂಡ. ಬಾಣಂತಿಗೆ ಮೂರು ಹೊತ್ತೂ ಬೆಳ್ಳುಳ್ಳಿ ಸಾರು, ಸುಟ್ಟ ಬೆಳ್ಳುಳ್ಳಿ. ಮಗುವಿಗೆ ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಮಾವನಂಥವನು ಆ ಬಾಗಿಲ ಹತ್ತಿರ ಸುಳಿದರೆ ಮೂರ್ಛೆ ಹೋಗಬೇಕು, ಹಾಗಿತ್ತು.

ಹದಿನೈದು ದಿನವಾದ ಮೇಲೆ ಮಗು ನೋಡೋಕೆ ಅಂತ ಬಂದ. ಮೂಗಿಗೆ ಟವೆಲ್ ಹಿಡಿದೇ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನನ್ನನ್ನು ಹಿತ್ತಲಿಗೆ ಕರೆದ. ಮುಖ ಒಂಥರಾ ಇತ್ತು.

"ಲೇ, ಕ್ವಾಣೇಲಿ ಬೆಳ್ಳುಳ್ಳಿ ವಾಸ್ನೆ."

ನಾನು ನಕ್ಕುಬಿಟ್ಟೆ. "ಬಾಣಂತಿ ಕೋಣೇಲಿ ಬೆಳ್ಳುಳ್ಳಿ ವಾಸನೆ ಬರದೆ ಮಲ್ಲಿಗೆ ವಾಸನೆ ಬಂದದಾ ಮಾವ?"

"ಅಂಗಲ್ಲ ಕಣ್ಲಾ. ಅವ್ಳು ತಿನ್ನೋ ಬೆಳ್ಳುಳ್ಳಿ ವಾಸ್ನೆ ನಂಗೊತ್ತು. ಇದು ಬ್ಯಾರೆ. ಗ್ವಾಡೆ ಕಡೆಯಿಂದ ಬತ್ತಾದೆ. ಬುಡದಲ್ಲಿ ಬೂಷ್ಟು ಕಟ್ಟದೆ, ಅಲ್ಲಿ ಮೂಗಿಟ್ರೆ ತಲೆ ಗಿಮ್ ಅಂತದೆ."

"ಗೋಡೆ ಬೆಳ್ಳುಳ್ಳಿ ತಿಂದದಾ?"

ಅವನು ನಗಲಿಲ್ಲ. "ಹೆಂಗಸ್ರು ನನ್ ಮಾತ ಕೇಳಕಿಲ್ಲ ಕಣಪ್ಪ. ಬೆಳ್ಳುಳ್ಳಿ ಕಂಡ್ರೆ ಆಗಲ್ಲ, ಅದ್ಕೆ ಇಂಗಾಡ್ತಾನೆ ಅಂತಾರೆ. ನೀನು ಓದ್ದೋನು. ನೀ ಹೇಳು. ಕಿಟಕಿ ತೆಗೀಲಿ, ಇಲ್ಲಾ ಆ ಎಲ್ಡು ಜೀವನೂ ನಡುಮನೆಗೆ ಹಾಕ್ಲಿ. ಹೇಳ್ತೀಯಾ?"

ಹೇಳ್ತೀನಿ ಅಂದೆ. ಹೇಳಿದ್ದು ಎಲ್ಲಿ ಗೊತ್ತಾ? ಸ್ಟಾಫ್ ರೂಮಿನಲ್ಲಿ. ಬೆಳ್ಳುಳ್ಳಿ ತಿನ್ನುವ ಗೋಡೆ ಅಂತ ಹೆಸರಿಟ್ಟು, ಮಾವ ಮೂಗು ಹಿಡಿದು ನಿಂತದ್ದನ್ನು ಅಭಿನಯಿಸಿ ತೋರಿಸಿದೆ. ಗಣಿತದ ಮೇಷ್ಟ್ರು ಕಣ್ಣಲ್ಲಿ ನೀರು ಬರೋ ತನಕ ನಕ್ಕರು. ಅವ್ವನಿಗೂ ತಂಗಿಗೂ ಒಂದು ಮಾತು ಹೇಳಲಿಲ್ಲ.

ಆಮೇಲೆ ತಂಗಿಗೆ ತಲೆನೋವು ಹತ್ತಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಮಗು ಹಾಲು ಹಿಡಿಯದೆ, ಅಳೋಕೂ ತ್ರಾಣವಿಲ್ಲದೆ ಸೊರಗಿತು. ದೃಷ್ಟಿ ಅಂದರು, ನಿವಾಳಿಸಿದೆವು. ಹಾಲಿನ ದೋಷ ಅಂದರು, ಅವ್ವ ಬೆಳ್ಳುಳ್ಳಿ ಹೆಚ್ಚು ಮಾಡಿದಳು. ಕೊನೆಗೆ ನಾಗಮಂಗಲದ ಬೀಗರು ಫೋನು ಮಾಡಿ, ಕಾರು ತಂದು ಇಬ್ಬರನ್ನೂ ಕರೆದುಕೊಂಡು ಹೋದರು. ಅಲ್ಲಿ ಹತ್ತೇ ದಿನಕ್ಕೆ ಮಗು ಕೈಕಾಲು ಬಡಿಯತೊಡಗಿತು! ಬಾಣಂತನ ಮುಗಿಯೋ ಮುಂಚೆ ಕಳಿಸಿದರೆ ಊರವರು ಏನಂದಾರು ಅಂತ ಅವ್ವ ಹಠ ಮಾಡಿ ವಾಪಸ್ ಕರೆಸಿದಳು. ಅದೇ ಕೋಣೆ, ಅದೇ ಗೋಣಿಚೀಲ. ಒಂದು ವಾರಕ್ಕೆ ಮಗು ಒಂದು ಬೆಳಿಗ್ಗೆ ಕಣ್ಣು ಬಿಡಲಿಲ್ಲ. ತಂಗಿ ಅದನ್ನು ಎದೆಗೆ ಒತ್ತಿಕೊಂಡು, "ಅಣ್ಣಯ್ಯ, ನನ್ ಮಗು ಉಸಿರಾಡ್ತಾ ಅದಾ ನೋಡು" ಅಂದದ್ದು ಈಗಲೂ ಕಿವಿಯಲ್ಲಿದೆ.

ಟೆಂಪೋ ಹಿಡಿದು ಶ್ರೀರಂಗಪಟ್ಟಣಕ್ಕೆ ಓಡಿದೆವು. ಅಲ್ಲೊಬ್ಬರು ವಯಸ್ಸಾದ ಡಾಕ್ಟರು. ಮಗುವಿಗೆ ಡ್ರಿಪ್ ಹಾಕಿಸಿ, ತಂಗಿಯ ಉಗುರು, ಅಂಗೈ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದರು. ನಾಗಮಂಗಲದಲ್ಲಿ ಚೆನ್ನಾಗಿದ್ದು ಇಲ್ಲಿ ಬಂದರೆ ಕೆಡುತ್ತದೆ ಅನ್ನೋದು ಅವರ ತಲೆಯನ್ನು ಕೊರೆಯುತ್ತಿತ್ತು.

"ಮನೆಗೆ ಈಚೆಗೆ ಬಣ್ಣ ಬಳಿಸಿದ್ರಾ?"

"ಹೌದು ಸಾರ್. ಹಸಿರು. ಹಳೇ ಸೊಳ್ಳೆ ಪುಡಿ."

"ಗೋಡೆ ಥಂಡಿ ಎಳೆಯುತ್ತಾ?"

"ಹಿಂದೆ ಕಾಲುವೆ ಸಾರ್. ಬುಡದಲ್ಲಿ ಬೂಷ್ಟು ಇದೆ."

ಅವರು ಕನ್ನಡಕ ತೆಗೆದರು. "ಕೋಣೆಯಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತಾ?"

ಹೂಂ ಅಂದೆ. ಡಾಕ್ಟರು ಬಿಡಿಸಿ ಹೇಳಿದರು. ಆ ಕಾಲದ ಹಸಿರು ಪುಡಿಯಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಇರುತ್ತಿತ್ತು. ಗಂಜಿ, ಬೆಲ್ಲ, ಒದ್ದೆ ಗೋಡೆ, ಮುಚ್ಚಿದ ಕಿಟಕಿ, ಬೂಷ್ಟಿಗೆ ಇದಕ್ಕಿಂತ ಹಬ್ಬ ಬೇಡ. ಬೂಷ್ಟಿನಲ್ಲಿ ಕೆಲವು ಜಾತಿ ಆ ಪಾಷಾಣವನ್ನೇ ಗಾಳಿ ಮಾಡಿ ಬಿಡುತ್ತವೆ, ಆ ಗಾಳಿಗೆ ಬೆಳ್ಳುಳ್ಳಿ ವಾಸನೆ. "ಇದೇ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಇನ್ನೊಂದು ದಿನವೂ ಆ ಕೋಣೆಯಲ್ಲಿ ಮಲಗಿಸಬೇಡಿ. ಇಷ್ಟು ದಿನ ಯಾರಿಗೂ ವಾಸನೆ ಗೊತ್ತಾಗಲಿಲ್ವಾ?" ಅಂದರು. ನಾನು ತಲೆ ತಗ್ಗಿಸಿ, "ಬಾಣಂತಿ ಕೋಣೆ ಅಲ್ವಾ ಸಾರ್" ಅಂದೆ.

ಮಗು ಉಳಿಯಿತು. ನಾಲ್ಕನೆಯ ದಿನ ಕಣ್ಣು ಬಿಟ್ಟು ಹಾಲು ಕುಡಿಯಿತು. ಇಲ್ಲಿಗೆ ಕಥೆ ನಿಲ್ಲಿಸಿಬಿಟ್ಟರೆ ನನಗೂ ಮರ್ಯಾದೆ. ನಿಲ್ಲಿಸೋಕೆ ಮನಸ್ಸು ಒಪ್ಪುತ್ತಿಲ್ಲ.

ಸುದ್ದಿ ತಿಳಿದು ಮಾವ ಓಡಿ ಬಂದಿದ್ದ. ನಮ್ಮ ಮನೆಯ ಅಂಗಳದಲ್ಲಿ ಅಪ್ಪ, ಅವ್ವ, ಭಾವ, ಬೀಗರು ಎಲ್ಲ ನಿಂತಿದ್ದರು. ಯಾಕೆ ಹೀಗಾಯಿತು ಅಂತ ಬೀಗರು ಕೇಳುತ್ತಿದ್ದರು. ನಾನು ಬೆರಳು ತೋರಿಸಿ ಕೂಗಿದೆ: "ಇವನೇ. ಇವನ ಹಾಳು ಬಣ್ಣ. ಮಗೀಗೆ ವಿಷ ಬಳಿದಿಟ್ಟ."

ಮಾವ ತಲೆ ಎತ್ತಿ ನನ್ನ ಮುಖ ನೋಡಿದ. ಈಗ ಹೇಳುತ್ತಾನೆ, ನಿಂಗೆ ಹೇಳಿದ್ನಲ್ಲಲಾ ಅಂತ ಈಗ ಅಂದುಬಿಡುತ್ತಾನೆ ಅಂತ ಹೆದರಿದ್ದೆ. ಅದಕ್ಕೇ ಅಷ್ಟು ಜೋರಾಗಿ ಕೂಗಿದ್ದು ನಾನು. ಅವನು ಬೀಗರ ಕಡೆ ತಿರುಗಿ, "ಹೌದು ಸೋಮಿ, ನಂದೇ ತಪ್ಪು" ಅಂದ. ಅಷ್ಟೇ.

ಯಾರನ್ನೂ ಹತ್ತಿರ ಸೇರಿಸದೆ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಧೂಳು ಏಳದ ಹಾಗೆ ನೀರು ಚಿಮುಕಿಸುತ್ತಾ ಇಟ್ಟಿಗೆ ಕಾಣೋ ತನಕ ಗೋಡೆ ಕೆರೆದ. ಕೆರೆದದ್ದನ್ನೂ ಉಳಿದ ಡಬ್ಬವನ್ನೂ ನೀರು ಹರಿಯದ ದಿಬ್ಬದಲ್ಲಿ ಆಳುದ್ದ ಗುಂಡಿ ತೋಡಿ ಹೂತ. ಅವತ್ತಿನಿಂದ ಏನನ್ನೂ ಕೈಯಾರೆ ಮಾಡಲಿಲ್ಲ. ಕೆ.ಆರ್.ಪೇಟೆಯಲ್ಲಿ ಒಂದು ದಿನ ಅವನು ಅಂಗಡಿ ಮೆಟ್ಟಿಲು ಹತ್ತಿ ಪೇಸ್ಟು ಕೊಂಡದ್ದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ನಗು ಬರಲಿಲ್ಲ. ಆ ಮಗುವನ್ನಂತೂ ಅವನು ಮುಟ್ಟುತ್ತಲೇ ಇರಲಿಲ್ಲ. ಅದು ತಪ್ಪು ಹೆಜ್ಜೆ ಇಡುತ್ತಾ ಅವನ ಕಡೆ ಬಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಿಂದೆ ಸರಿಯುತ್ತಿದ್ದ. ಮನೆಯಲ್ಲೂ ಯಾರೂ ಬಾ, ಎತ್ತಿಕೋ ಅನ್ನಲಿಲ್ಲ.

ಮೂರು ವರ್ಷ ಹೀಗೇ ಹೋಯಿತು. ಆಮೇಲೆ ನಮ್ಮ ಮನೆಯಲ್ಲೇ ಮಗುವಿಗೆ ಕಿವಿ ಚುಚ್ಚಿಸೋದು ಅಂತ ಆಯಿತು. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಅಂದರೆ ನನ್ನ ತೊಡೆ. ಹೊಸ ಪಂಚೆ ಉಟ್ಟು ಹಿತ್ತಲಿಗೆ ಕೈ ತೊಳೆಯೋಕೆ ಹೋದೆ. ಅಲ್ಲಿ ಮಾವ ಒಬ್ಬನೇ ಕೂತಿದ್ದ. ಮೂರು ವರ್ಷದಿಂದ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಮಾವ, ಅವತ್ತು ಯಾಕೆ ಹೇಳಲಿಲ್ಲ ನೀನು? ನನಗೆ ಹೇಳಿದ್ದೆ ಅಂತ?"

ಅವನು ಕಾಲುವೆ ಕಡೆ ಮುಖ ತಿರುಗಿಸಿದ. "ನೀನು ಆ ಮಗೀಗೆ ಸೋದರಮಾವ ಕಣ್ಲಾ. ಇವತ್ತು ನಿನ್ ತೊಡೆ ಮ್ಯಾಲೆ ಕೂರ್ಬೇಕು, ನಾಳಿಕ್ಕೆ ಹಸೆಮಣೆಗೆ ನೀನು ಕರ್ಕಂಡು ಬರ್ಬೇಕು. ನೀನು ಗೊತ್ತಿದ್ದೂ ಸುಮ್ಕಿದ್ದೆ ಅಂತ ತಿಳಿದ್ರೆ ಅದು ನಿನ್ ತೊಡೆ ಮ್ಯಾಲೆ ಕೂತದಾ? ನಂದೇನು, ನನ್ನ ಹುಚ್ಚ ಅಂತ ಮದ್ಲೇ ಅಂತಿದ್ರು. ಇನ್ನೊಂದು ಸೇರ್ತು, ಬುಡು."

ಅಷ್ಟರಲ್ಲಿ ಒಳಗಿನಿಂದ ಕಿವಿ ಚುಚ್ಚೋ ಆಚಾರಿ ಕರೆದರು. ಹೋಗಿ ಕೂತೆ. ಮಗು ಹಾಲಿನಂಥ ನಗು ನಗುತ್ತಾ ನನ್ನ ತೊಡೆ ಏರಿತು. ಆಚಾರಿ ಬಲಗಿವಿಗೆ ತಂತಿ ತೂರಿಸಿದರು. ಮನೆ ಹಾರಿಹೋಗೋ ಹಾಗೆ ಕಿರುಚಿ ನನ್ನ ಅಂಗಿ ಹಿಡಿದು ಅತ್ತಿತು. ನನಗೂ ತಡೆಯಲಾಗಲಿಲ್ಲ. ಮಗು ಅತ್ತದ್ದಕ್ಕೆ ಮೇಷ್ಟ್ರೂ ಅಳ್ತಾವ್ರೆ ಅಂತ ಎಲ್ಲರೂ ನಕ್ಕರು.

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಮಾವ ಆ ಅಳು ತಾಳಲಾರದೆ ಒಳಗೆ ಬಂದ. ಕೈ ಬೆನ್ನ ಹಿಂದೆಯೇ ಕಟ್ಟಿಕೊಂಡು, ಬಗ್ಗಿ, ಮಗುವಿನ ಕಿವಿಗೆ ಮೆಲ್ಲಗೆ ಊದಿದ. ಅಳು ನಿಂತಿತು. ಮಗು ಅವನ ಮೀಸೆ ಹಿಡಿದು ನೋಡಿತು. ಅವನು ಆಗಲೂ ಕೈ ಮುಂದೆ ತರಲಿಲ್ಲ.

ನಾನು ತಂಗಿಯ ಮುಖ ನೋಡಿದೆ. "ಅವತ್ತೇ ಹೇಳಿದ್ದ ಕಣವ್ವ ಇವನು. ಹದಿನೈದನೇ ದಿನಕ್ಕೇ. ಗೋಡೆಯಿಂದ ವಾಸನೆ ಬತ್ತದೆ, ಇವರನ್ನ ಆಚೆ ಹಾಕು ಅಂತ ಬೇಡಿಕೊಂಡ. ನಾನು ನಕ್ಕುಬಿಟ್ಟೆ. ನಿನಗೆ ಹೇಳಲೇ ಇಲ್ಲ."

"ಸುಳ್ಳು ಹೇಳ್ತಾವ್ನೆ, ಅಂಗೇನಿಲ್ಲ ಕಣವ್ವ" ಅಂತ ಮಾವ ತೊದಲಿದ. ತಂಗಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನನ್ನು ಬಯ್ಯಲೂ ಇಲ್ಲ. ಬಗ್ಗಿ ನನ್ನ ತೊಡೆಯಿಂದ ಮಗುವನ್ನು ಎತ್ತಿಕೊಂಡಳು. ಮಾವನ ಭುಜ ಒತ್ತಿ ಚಾಪೆಯ ಮೇಲೆ ಕೂರಿಸಿದಳು. ಬೆನ್ನ ಹಿಂದಿನ ಎರಡು ಕೈಗಳನ್ನೂ ತಾನೇ ಬಿಡಿಸಿ ಮುಂದಕ್ಕೆ ತಂದು, ಅವುಗಳ ನಡುವೆ ಮಗುವನ್ನು ಇಟ್ಟಳು.

"ಇನ್ನೊಂದು ಕಿವಿ ಚುಚ್ಚಿ ಆಚಾರ್ರೇ" ಅಂದಳು. "ಇವ್ರು ನನ್ನ ಸೋದರಮಾವ."